ದಾರೋಗಾ ಸಾಹೇಬರು ಪಾಸು ಮಾಡಿದ ಸ್ಕಾಚ್

ದಾರೋಗಾ ಸಾಹೇಬರ ಮೈಯೆಲ್ಲ ಸುಟ್ಟ ಬೆಲ್ಲದ ಬಣ್ಣ. ಬಲಗೈಯ ಅಂಗೈ ಮಾತ್ರ ಬಿಳಿಚಿಕೊಂಡು ಪದರು ಪದರಾಗಿ ಸುಲಿದಿರುತ್ತಿತ್ತು. ಇಪ್ಪತ್ತು ವರ್ಷ ದಿನವೂ ಆ ಅಂಗೈಗೆ ದಾರು ಸುರಿದುಕೊಂಡು, ಉಜ್ಜಿ, ಮೂಗಿಗೆ ಹಿಡಿದದ್ದರ ಗುರುತು ಅದು. ನಾಲಗೆಗೆ ಒಂದು ಹನಿಯನ್ನೂ ಮುಟ್ಟಿಸಿದವರಲ್ಲ. ಐದು ಹೊತ್ತು ನಮಾಜು ಮಾಡುವವರು. ನಾನೋ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ನಿಜಾಮರ ಕಾಲದ ಬೀದರಿನಲ್ಲಿ ಮದ್ಯದಂಗಡಿಗಳ ಮೇಲೆ ಕಣ್ಣಿಡುವ ಆಬಕಾರಿ ಕಚೇರಿಯಲ್ಲಿ ಅವರು ದಾರೋಗಾ, ನಾನು ಗುಮಾಸ್ತ. ಊರಿನ ದಾರುವನ್ನೆಲ್ಲ ಅಳೆಯುತ್ತಿದ್ದ ಇಬ್ಬರೂ ಕುಡಿಯದವರು. ಅದೊಂದು ಬಿಟ್ಟರೆ ನಮ್ಮಿಬ್ಬರಿಗೆ ಯಾವುದರಲ್ಲೂ ಕೂಡಿಬರುತ್ತಿರಲಿಲ್ಲ.

ಒಂದು ದಿನವೂ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಏ ಹಲಬರ್ಗಾ’ ಎಂದು ನನ್ನ ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ನನ್ನ ಉರ್ದು ಬರವಣಿಗೆಯಲ್ಲಿ ಒಂದು ಚುಕ್ಕಿ ತಪ್ಪಿದರೂ ಕಾಗದ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಜವಾನರು ನೋಡುತ್ತಿರುವಾಗಲೇ ನಾನು ಅಂಗಳಕ್ಕಿಳಿದು ಅದನ್ನು ಹೆಕ್ಕಿ ತರಬೇಕು. ಇದನ್ನೆಲ್ಲ ನುಂಗಿಕೊಂಡೆ. ಆದರೆ ಅಪ್ಪನಿಗೆ ಕೊನೆಗಾಲ ಬಂದಿದೆ ಎಂದು ಅಣ್ಣ ಆಳು ಕಳಿಸಿದಾಗ ರಜೆ ಕೇಳಿದೆ. ತಿಂಗಳ ಲೆಕ್ಕ ಮುಗಿಸದೆ ಕದಲಬೇಡ ಅಂದರು. ಮೂರನೇ ದಿನ ಹಲಬರ್ಗಾ ಮುಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ಅಪ್ಪನ ಸಮಾಧಿಯ ಮಣ್ಣು ಒಣಗತೊಡಗಿತ್ತು. ಅಣ್ಣ ನನ್ನ ಕೂಡ ಮಾತಾಡಲಿಲ್ಲ. ಅಂದಿನಿಂದ ನಾನು ದಾರೋಗಾ ಸಾಹೇಬರನ್ನು ದ್ವೇಷಿಸಿದೆ. ಅವರ ಕೈಕೆಳಗೆ ಕೆಲಸ ಕಲಿಯುತ್ತಲೇ ದ್ವೇಷಿಸಿದೆ.

ಮಹಾಯುದ್ಧ ಮುಗಿದು ವಿಲಾಯತಿ ಸರಕು ಮತ್ತೆ ಬರತೊಡಗಿದ ಕಾಲ. ಬೀದರಿನಲ್ಲಿ ಸ್ಕಾಚ್ ಮಾರುತ್ತಿದ್ದ ಒಬ್ಬ ವ್ಯಾಪಾರಿ ಮುಂಬಯಿಯಿಂದ ಯಾರೂ ಹೆಸರು ಕೇಳದ ಒಂದು ವಿಸ್ಕಿ ತರಿಸಿದ. ಹಲವು ಪೀಪಾಯಿಗಳ ಮಾಲು ಬೆರೆಸಿ ಮಾಡಿದ್ದು. ದೊಡ್ಡ ಹೆಸರಿನ ಬಾಟಲಿಗಳ ಅರ್ಧ ಬೆಲೆಗೆ ಮಾರಿದ. ಸ್ಕಾಚ್ ಇಷ್ಟು ಅಗ್ಗಕ್ಕೆ ಹೇಗೆ ಸಿಕ್ಕೀತು, ನಕಲಿಯೇ ಇರಬೇಕು ಎಂದು ದೊಡ್ಡ ಮಂದಿ ದೂರು ಕೊಟ್ಟರು. ನನಗೆ ಒಳಗೊಳಗೇ ಖುಷಿ. ದಾರೋಗಾ ಸಾಹೇಬರು ಆ ವ್ಯಾಪಾರಿಯಿಂದ ಲಂಚ ತಿನ್ನುತ್ತಾರೆ ಎಂದು ನಾನು ನಂಬಿದ್ದೆ, ನೋಡಿದವನಲ್ಲ, ನಂಬಿದ್ದೆ.

ಸಾಹೇಬರು ಎರಡು ಬಾಟಲಿ ತರಿಸಿದರು: ಹೆಸರುವಾಸಿಯಾದದ್ದೊಂದು, ಈ ಅಗ್ಗದ್ದೊಂದು. ದಾರುವಿನ ಬಲ ಅಳೆಯುವ ಹಿತ್ತಾಳೆಯ ತೇಲುಗುಂಡನ್ನು ನಾನೇ ಬಿಟ್ಟೆ. ದಾರು ಕಡಕ್ ಇದ್ದಷ್ಟೂ ಗುಂಡು ಆಳಕ್ಕೆ ಇಳಿಯುತ್ತದೆ. ಹೆಸರಿನ ವಿಸ್ಕಿಯಲ್ಲಿ ಅದು ಎಂದಿನ ಗೆರೆಯಲ್ಲಿ ನಿಂತಿತು. ಅಗ್ಗದ್ದರಲ್ಲಿ ಎರಡು ಗೆರೆ ಕೆಳಗಿಳಿಯಿತು. ವ್ಯಾಪಾರಿ ಸಿಕ್ಕಿಬಿದ್ದ ಎಂದುಕೊಂಡು, ಇದರಲ್ಲಿ ಊರ ದಾರು ಬೆರೆಸಿದ್ದಾರೆ ಎಂದು ಹೇಳಿದೆ.

ಅವರು ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಉಜ್ಜಿ, ಬಹಳ ಹೊತ್ತು ಮೂಗಿಗೆ ಹಿಡಿದರು. ನಂತರ ನನ್ನ ಕೈ ಎಳೆದು ನನ್ನ ಅಂಗೈಗೂ ಸುರಿದರು. ಮೊದಲು ಸ್ಪಿರಿಟಿನ ಘಾಟು ಹೊಡೆಯಿತು. ಅದು ಹಾರಿಹೋದ ಮೇಲೆ ಒಣಗಿದ ಕಾಳಿನ, ಹಳೆ ಮರದ, ಸ್ವಲ್ಪ ಹೊಗೆಯ ವಾಸನೆ ಉಳಿಯಿತು.

“ಕಳ್ಳ ನೀರು ಹಾಕ್ತಾನ, ಹಲಬರ್ಗಾ. ದಾರು ಹಾಕಂಗಿಲ್ಲ,” ಅಂದರು. “ನಕಲಿ ಮಾಲು ಕಡಿಮಿ ಇರ್ತದ, ಹೆಚ್ಚು ಇರಂಗಿಲ್ಲ. ಇದು ಅಸಲಿ ಅದ, ಮತ್ತ ಕಡಕ್ ಅದ. ಮಂದಿ ಹೆಸರಿಗಿ ರೊಕ್ಕ ಕೊಡ್ತಾರ, ಮಾಲಿಗಿ ಕೊಡಂಗಿಲ್ಲ.”

ವ್ಯಾಪಾರಿಯ ಪರವಾನಗಿ ಉಳಿಯಿತು. ನನ್ನ ಮಾನ ಉಳಿಯಲಿಲ್ಲ. ಸಂಜೆಯವರೆಗೆ ಜವಾನರ ಮುಂದೆ ಅವರು ನನ್ನ ಬುದ್ಧಿವಂತಿಕೆಯನ್ನು ಹಾಡಿಹೊಗಳಿದರು.

ಭಾರತದ ಸೇನೆಯ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ರಾಜ್ಯ ಹೋಯಿತು. ದಾರೋಗಾ ಸಾಹೇಬರು ನಿಜಾಮರ ಪರವಾಗಿ ಹಾವಳಿ ಮಾಡಿದ ರಜಾಕಾರರ ಕೂಡ ಇದ್ದವರಲ್ಲ. ಆದರೆ ಆ ದಿನಗಳಲ್ಲಿ ಅಷ್ಟೆಲ್ಲ ವಿಚಾರಿಸುವವರು ಯಾರಿದ್ದರು? ಅವರ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಅವರು ಮಾತ್ರ ದಿನವೂ ಹತ್ತಕ್ಕೆ ಕಚೇರಿಗೆ ಬರುತ್ತಿದ್ದರು. ಅಷ್ಟರಲ್ಲಿ, ಲಂಚ ತಿಂದು ನಕಲಿ ಸ್ಕಾಚ್ ಪಾಸು ಮಾಡಿದರು ಎಂದು ಭಾಲ್ಕಿಯ ಒಬ್ಬ ಮದ್ಯದ ವ್ಯಾಪಾರಿ ಅರ್ಜಿ ಹಾಕಿದ. ಪರೀಕ್ಷೆಯ ಕಾಗದ ಆ ಗದ್ದಲದಲ್ಲಿ ಎಲ್ಲೋ ಕಳೆದಿತ್ತು. ಕಣ್ಣಿಂದ ನೋಡಿದವನು ನಾನೊಬ್ಬನೇ. ಆರೋಪ ಸಾಬೀತಾದರೆ ನೌಕರಿ, ಪಿಂಚಣಿ ಎರಡೂ ಹೋಗಿ ಅವರು ಜೈಲು ಸೇರಬೇಕಿತ್ತು.

ಹೊಸ ಅಧಿಕಾರಿ ನನ್ನನ್ನು ಕರೆಸಿ ಕೇಳಿದರು. ನೆನಪಿಲ್ಲ ಅಂದೆ.

ಅಂದೇ ಸಂಜೆ ಹಲಬರ್ಗಾಕ್ಕೆ ಹೋಗಿ ಅಣ್ಣನಿಗೆ ಇದನ್ನು ಹೇಳಿದೆ. ರಜಾಕಾರರ ಕಾಟಕ್ಕೆ ಗಡಿಯಾಚೆ ಒಂದು ವರ್ಷ ಕಳೆದು ಬಂದಿದ್ದ ಅಣ್ಣ, ಅಪ್ಪ ತೀರಿದ ಮೇಲೆ ಮೊದಲ ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡ. ಅತ್ತ ಬೀದರಿನಲ್ಲಿ ದಾರೋಗಾ ಸಾಹೇಬರನ್ನು ಅವರದೇ ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರಿಸಿದ್ದರು. ಹೋಗಿಬರುವವರು ಅವರ ಕಾಲ ಬಳಿಯೇ ಎಲೆಯಡಿಕೆ ಉಗಿಯುತ್ತಿದ್ದರು. ಇದು ಎರಡು ದಿನ ನಡೆಯಿತು.

ಎರಡನೇ ದಿನ ನಾನು ಔರಾದಿನ ಒಂದು ಅಂಗಡಿಯ ತಪಾಸಣೆಗೆ ಹೋಗಿದ್ದೆ. ತೇಲುಗುಂಡು ತಂದಿರಲಿಲ್ಲ. ಅಂಗೈಗೆ ಹನಿ ಹಾಕಿ ಉಜ್ಜಿದೆ. ವಾಸನೆ ಏಳುವ ಮೊದಲೇ ಸತ್ತಿತು. ಎಷ್ಟು ನೀರು ಬೆರೆಸಿದ್ದೀರಿ ಎಂದೆ. ಅಂಗಡಿಯವನು ಬೆವರಿ ಒಪ್ಪಿಕೊಂಡ. ಅವನು ಒಪ್ಪಿಕೊಳ್ಳುವಾಗ ನಾನು ನನ್ನ ಕೈಯನ್ನೇ ನೋಡುತ್ತ ನಿಂತಿದ್ದೆ. ಈ ಕೈಗೆ ಬುದ್ಧಿ ಕಲಿಸಿದವರು ಬೆಂಚಿನ ಮೇಲೆ ಕೂತಿದ್ದರು. ಬೀದರಿನ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಬೀದರಿನ ಆ ಸ್ಕಾಚ್ ವ್ಯಾಪಾರಿಯ ಹತ್ತಿರ ಉಳಿದಿದ್ದ, ಅದೇ ಮಾಲಿನ ಮುದ್ರೆ ಒಡೆಯದ ಬಾಟಲಿಯೊಂದನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, ಮುದ್ರೆ ಒಡೆದು ತೇಲುಗುಂಡು ಬಿಟ್ಟೆ. ಎರಡು ಗೆರೆ ಕೆಳಗಿಳಿಯಿತು. ಅಧಿಕಾರಿ ಕುಡಿಯುವವರು, ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅರ್ಜಿ ಅಲ್ಲಿಗೇ ಬಿದ್ದುಹೋಯಿತು. ಅಣ್ಣ ಮತ್ತೆ ಮಾತು ಬಿಟ್ಟ.

ಆ ಬೆಳಿಗ್ಗೆಯೂ ಬಂದು ಕೂತಿದ್ದ ದಾರೋಗಾ ಸಾಹೇಬರು ಬೆಂಚಿನಿಂದ ಎದ್ದು ನನ್ನ ಹತ್ತಿರ ಬಂದರು. ಧನ್ಯವಾದ ಹೇಳಲಿಲ್ಲ.

“ಮೊದಲನೇ ದಿನ ಯಾಕ ಹೇಳಲಿಲ್ಲ?”

“ನಿಮ್ಮ ಮ್ಯಾಲಿನ ಸಿಟ್ಟಿಗಿ, ಸಾಹೇಬರ. ನಮ್ಮಪ್ಪನ ಮಾರಿ ನೋಡಾಕ ಬಿಡಲಿಲ್ಲರಿ ನೀವು.”

ಅವರು ತಲೆಯಾಡಿಸಿದರು. “ಲೆಕ್ಕ ಅವಾಗೇ ಮುಗಿದಿತ್ತು. ನಿಮ್ಮಣ್ಣ ಸರಕಾರದ ವಿರುದ್ಧ ಮಾತಾಡ್ತಾನ ಅಂತ ಕೇಳಿದ್ದೆ. ಆ ಸಿಟ್ಟು ನಿನ್ನ ಮ್ಯಾಲ ತೀರಸಿದೆ.”

ಆ ಮಾತು ಕೇಳಿ ನನ್ನ ದ್ವೇಷ ಕರಗಲಿಲ್ಲ, ಇನ್ನೂ ಗಟ್ಟಿಯಾಯಿತು. ಅದೇ ತಿಂಗಳು ಅವರು ಕೆಲಸ ಬಿಟ್ಟರು.

ಮರುವರ್ಷ ತೀರಿಕೊಂಡರು. ನಾನು ಅಂದು ಬೀದರಿನಲ್ಲೇ ಇದ್ದೆ; ಕಚೇರಿಯ ಜವಾನ ಬಂದು ಹೇಳಿದ. ಅವರ ಮನೆಗೆ ಕಾಲು ಗಂಟೆಯ ಹಾದಿ. ಮಣ್ಣಿಗೆ ಹೋಗಲಿಲ್ಲ. ಹಳೆಯ ಸಿಟ್ಟಿಗೇ ಹೋಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸಿಟ್ಟು ಇದ್ದದ್ದು ನಿಜ. ಆದರೆ ಸಿಟ್ಟಿದ್ದವನು ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರಬಹುದಿತ್ತು. ನನ್ನನ್ನು ತಡೆದದ್ದು, ನಾನು ನೆನಪಿಲ್ಲ ಅಂದದ್ದಕ್ಕೆ ಬೆಂಚಿನ ಮೇಲೆ ಅವರು ಕೂತ ಆ ಎರಡು ದಿನ.