ಕೊನೇ ಸ್ಟಾಪಿನ ಸಮುದ್ರ

ನಮ್ಮಪ್ಪ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷ ಒಂದೇ ರೂಟು. ಅದರ ಕೊನೇ ಸ್ಟಾಪಿನ ಹೆಸರೇ ಬೀಚ್. ಅಂಗಡಿ ಮುಂಗಟ್ಟು ಏನೂ ಇಲ್ಲ. ಒಂದು ತಗಡಿನ ಶೆಡ್ಡು, ಅದರ ಹಿಂದೆ ಮರಳುದಿಬ್ಬ, ದಿಬ್ಬದಾಚೆ ಸಮುದ್ರ. ಬಸ್ಸು ಅಲ್ಲಿ ನಿಲ್ಲುವುದು ಏಳೇ ನಿಮಿಷ. ದಿಬ್ಬ ಹತ್ತಿ ಇಳಿಯುವುದಕ್ಕೇ ಹತ್ತು ನಿಮಿಷ ಬೇಕು. ರಜೆಯ ದಿನ ಮತ್ತೆ ಅದೇ ಬಸ್ಸು ಹತ್ತುವುದು ಯಾರಿಗೆ ಬೇಕು? ಹಾಗಾಗಿ ಮಹಾಶಯರು ಒಂದು ದಿನವೂ ಸಮುದ್ರ ನೋಡಿರಲಿಲ್ಲ.

ಈ ಗುಟ್ಟು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಅಮ್ಮನ ಮುಂದೆ ಅಪ್ಪನದು ಬೇರೆಯೇ ಕಥೆ. ಆ ರೂಟಿಗೆ ಹಾಕಿದ ಮೊದಲ ದಿನ "ಸಮುದ್ರ ಹೇಗಿದೆ ರೀ?" ಎಂದು ಅವಳು ಕೇಳಿದ್ದಕ್ಕೆ ಜಂಬಕ್ಕೆ ಒಂದು ಬುರುಡೆ ಬಿಟ್ಟರು. ಆಮೇಲೆ ದಿನಾ ಬಿಡಬೇಕಾಯಿತು. ಪ್ರಯಾಣಿಕರ ಮಾತಿಗೆ ಕಿವಿಗೊಟ್ಟು, ಕೇಳಿದ್ದಕ್ಕೆ ಉಪ್ಪು ಖಾರ ಹಚ್ಚಿ, ಊಟಕ್ಕೆ ಕೂತಾಗ ಹೇಳುತ್ತಿದ್ದರು: ಇವತ್ತು ಅಲೆ ಇಷ್ಟೆತ್ತರ, ಇವತ್ತು ಏಡಿ ಅಟ್ಟಿಸಿಕೊಂಡು ಬಂತು, ಇವತ್ತು ಕಾಲು ತೊಳೆದೆ. ಅಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು.

ಅಪ್ಪ ರಿಟೈರ್ ಆದ ಮರುವಾರ ಅಮ್ಮ, "ನಡೀರಿ, ನಿಮ್ಮ ಸಮುದ್ರ ತೋರ್ಸಿ" ಅಂದಳು. ಮೂವರೂ ಹೊರಟೆವು. ಬಸ್ಸಿನಲ್ಲಿ ಅಪ್ಪ ನನ್ನ ಕಿವಿಯಲ್ಲಿ, "ಮರ್ಯಾದೆ ಮಣ್ಣುಪಾಲು ಕಣೇ. ನಿಮ್ಮಮ್ಮ ಇನ್ಮೇಲೆ ನನ್ನ ಒಂದು ಮಾತೂ ನಂಬಲ್ಲ" ಎಂದು ಗೋಳಾಡಿದರು. "ಅನುಭವಿಸಿ ಅಪ್ಪ!" ಅಂದೆ. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಇಳಿದವರೇ ಅಪ್ಪ ಗತ್ತಿನಿಂದ ಎಡಗಡೆಯ ದಾರಿ ಹಿಡಿದರು. ನೆಟ್ಟಗೆ ಮುಳ್ಳುಪೊದೆಗೆ ಹೋಗಿ ನಿಂತೆವು. "ದಾರಿ ಬದಲಾಯಿಸಿದ್ದಾರೆ, ದರಿದ್ರದೋರು!" ಎಂದು ಬೈದು ಬಲಕ್ಕೆ ತಿರುಗಿದರು. ಅಲ್ಲಿ ಕೆಸರುಗುಂಡಿ. ಕೊನೆಗೆ ಹೇಗೋ ದಿಬ್ಬ ಹತ್ತಿ ತುದಿ ತಲುಪಿದಾಗ ಗಕ್ಕನೆ ನಿಂತುಬಿಟ್ಟರು. ಒಂದು ನರಪಿಳ್ಳೆಯೂ ಇಲ್ಲದ ಮರಳು, ಅದರಾಚೆ ಕಣ್ಣು ಹಾಯುವಷ್ಟೂ ನೀರು.

"ಅಬ್ಬಬ್ಬಾ! ಇಷ್ಟೊಂದಾ!" ಅಪ್ಪನ ಬಾಯಿಂದ ಬಂದೇಬಿಟ್ಟಿತು. ಮರುಕ್ಷಣವೇ ಮುಖ ಸಪ್ಪಗಾಯಿತು.

ಅಮ್ಮ ನಕ್ಕಳು. "ನಿಮ್ಮ ಪ್ಯಾಂಟು ಒಗೆಯೋಳು ನಾನು. ಇಷ್ಟು ವರ್ಷದಲ್ಲಿ ಒಂದು ದಿನಾನೂ ಅದರ ಕಾಲಿನ ಮಡಿಕೇಲಿ ಒಂದು ಚಿಟಿಕೆ ಮರಳು ಸಿಗಲಿಲ್ವಲ್ಲ ರೀ."

"ಗೊತ್ತಿತ್ತಾ? ಮತ್ತೆ ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀವು ಕಥೆ ನಿಲ್ಲಿಸಿಬಿಡ್ತಿದ್ರಿ. ದಿನವಿಡೀ ನಾನು ಕಾಯ್ತಾ ಇದ್ದದ್ದೇ ಅದಕ್ಕೆ."

ಅಪ್ಪ ಕಣ್ಣೊರೆಸಿಕೊಂಡು, ಶೂ ಬಿಚ್ಚಿ, ಇಳಿಜಾರಿನಲ್ಲಿ ಓಡಿದವರು ನಿಂತದ್ದು ನೀರಿಗಿಳಿದ ಮೇಲೆಯೇ.

"ಏ, ಬಾರೇ ಬೇಗ! ಕಾಲ ಕೆಳಗಿಂದ ಮರಳು ಜಾರತ್ತೆ ಕಣೇ!"

"ಬಂದೆ, ಬಂದೆ! ನೀವು ಹೇಳ್ತಾ ಇರಿ" ಎನ್ನುತ್ತ ಅಮ್ಮ ಚಪ್ಪಲಿ ಕೈಗೆತ್ತಿಕೊಂಡಳು.