ಗೋಲಿ ಎಲ್ಲಿ ನಿಲ್ಲಬೇಕು?

ನನ್ನ ಒಂದು ಜೋಕಿಗೆ ಹತ್ತು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದನೆಯವನು ಶಾಲೆ ಬಿಟ್ಟ.

ಎಪ್ಪತ್ತರ ದಶಕದ ಮಾತು. ಬಬಲೇಶ್ವರದ ಹೈಸ್ಕೂಲೊಂದರಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಪಿ.ಟಿ. ಮಾಸ್ತರರಿಗೆ ವರ್ಗವಾಯಿತು. ಹೆಡ್‌ಮಾಸ್ತರರು ನನ್ನನ್ನು ಕರೆದು, "ಫುಟ್‌ಬಾಲ್ ಟೀಮ್ ಇನ್ನ ನಿಮ್ಮದ್ರಿ" ಎಂದರು.

"ಸರ, ನಾ ಜನ್ಮದಾಗ ಬಾಲ್ ಒದ್ದಿಲ್ರಿ."

"ಎತ್ತರ ಅದೀರಿ, ದನಿ ಜೋರ ಐತಿ. ಮತ್ತೇನ ಬೇಕು?"

ಹೀಗೆ ನಾನು ಕೋಚ್ ಆದೆ. ಕಲ್ಲು ತುಂಬಿದ ಮೈದಾನ, ಬರಿಗಾಲಿನ ಹನ್ನೊಂದು ಹುಡುಗರು, ಒಂದು ಹಳೆಯ ಬಾಲ್. ನನ್ನ ಕೋಚಿಂಗ್ ಎಂದರೆ ಗೆರೆಯ ಆಚೆ ನಿಂತು "ಓಡ್ರಲೇ, ಓಡ್ರಿ" ಎಂದು ಕೂಗುವುದು. (ದನಿ ಜೋರಿತ್ತಲ್ಲ.)

ಮೊದಲ ಮ್ಯಾಚು ವಿಜಾಪುರದಲ್ಲಿ, ತಿಕೋಟಾ ಹುಡುಗರ ಎದುರು. ಏಳು ಗೋಲು ತಿಂದೆವು. ಹೊಡೆದದ್ದು ಸೊನ್ನೆ. ಮ್ಯಾಚು ಮುಗಿದ ಮೇಲೆ ಎಲ್ಲರೂ ಬೇವಿನ ಗಿಡದ ಕೆಳಗೆ ಕೂತಿದ್ದೆವು. ಗೋಲು ಕಾಯುವ ನಮ್ಮ ಗೋಲಿ ಮೈಬೂಬ ತಲೆ ತಗ್ಗಿಸಿ ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತಿದ್ದ. ನನಗೋ ಅವಮಾನದ ಉರಿ. ಅಂದುಬಿಟ್ಟೆ:

"ಮೈಬೂಬ, ನಿನ್ನ ಬದಲಿ ಅಲ್ಲೊಂದು ಗೂಟ ಹುಗದಿದ್ರ ಒಂದೆರಡು ಬಾಲ್ ಆದ್ರೂ ಬಡದು ವಾಪಸ್ ಬರತಿದ್ವು."

ಎಲ್ಲರೂ ನಕ್ಕರು. ಅವನೂ ನಕ್ಕ. (ಆ ನಗುವನ್ನು ನಾನು ನಂಬಿದೆ.)

ಸೋಮವಾರ ಮೈಬೂಬ ಶಾಲೆಗೆ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಶನಿವಾರ ಕ್ಯಾಪ್ಟನ್ ಈರಣ್ಣನನ್ನು ಕೇಳಿದೆ. ಅವನು ಹೇಳಿದ: "ಅವ ಸಾಲಿ ಬಿಟ್ಟಾನ್ರಿ ಸರ. ಅವರ ಊರಾಗೂ ಎಲ್ಲಾರೂ ಗೂಟ, ಗೂಟ ಅಂತ ಕರಿಯಾಕತ್ತಾರ್ರಿ."

ಅದು ಅವನ ಮ್ಯಾಟ್ರಿಕ್ ವರ್ಷ. ಓದಿನಲ್ಲಿ ಚುರುಕಿದ್ದ ಹುಡುಗ. ಆಟದ ಮಾತೊಂದು ಪಾಠಕ್ಕೇ ಕುತ್ತು ತಂದಿತ್ತು. ಆ ಮಾತು ನನ್ನದು.

ಮಧ್ಯಾಹ್ನದ ಬಸ್ಸಿಗೆ ಅವನ ಊರು ಮಮದಾಪುರಕ್ಕೆ ಹೋದೆ. ಅವನ ತಂದೆ ರಾಜೇಸಾಬ ಕೆರೆಯ ಏರಿಯ ಮೇಲೆ ಆಡು ಮೇಯಿಸುತ್ತಿದ್ದರು. ನಾನು ಯಾರೆಂದು ತಿಳಿದ ಕೂಡಲೇ ಹೆಗಲ ಮೇಲಿನ ವಸ್ತ್ರವನ್ನೇ ಹಾಸಿ ಕೂರಲು ಹೇಳಿದರು. ನನಗೆ ಕೂರಲಾಗಲಿಲ್ಲ.

"ಮ್ಯಾಟ್ರಿಕ್ ಆಗಲಿ ಅಂತ ನನಗೂ ಆಸೆ ಐತ್ರಿ ಸರ. ಏನ ಆಗೇತೋ, ಬಾಯಿ ಬಿಡವಲ್ಲ."

ಅಂದರೆ ಹುಡುಗ ಮನೆಯಲ್ಲಿ ನನ್ನ ಹೆಸರೇ ಹೇಳಿರಲಿಲ್ಲ. ದೂರು ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಆಡುಗಳ ಹಿಂದಿನಿಂದ ಮೈಬೂಬ ಬಂದ. ನಾನು ಅವನ ತಂದೆಯ ಎದುರೇ ಹೇಳಿದೆ: "ತಪ್ಪ ನಂದ ಐತಿ, ಮೈಬೂಬ. ನಾ ಹಂಗ ಅನಬಾರದಿತ್ತು."

ಅವನು ಕಾಲ್ಬೆರಳಿನಿಂದ ಮಣ್ಣು ಕೆದರಿದ. ಆಮೇಲೆ, "ಸರ, ಒಂದು ಮಾತು ಕೇಳ್ಲೇನ್ರಿ?" ಎಂದ.

"ಕೇಳು."

"ಅವತ್ತ ನಾ ಎಲ್ಲಿ ನಿಂದರಬೇಕಾಗಿತ್ತ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. ನಕಾಶೆಯ ಮೇಲೆ ಕೋಲಿಟ್ಟು ಯಾವ ದೇಶ ಎಲ್ಲಿದೆ ಎಂದು ತೋರಿಸುವ ಮಾಸ್ತರ ನಾನು. ಗೋಲಿ ಎಲ್ಲಿ ನಿಲ್ಲಬೇಕು ಎನ್ನುವುದು ಗೊತ್ತಿರಲಿಲ್ಲ.

"ನನಗೂ ಗೊತ್ತಿಲ್ಲಪಾ" ಎಂದೆ. "ಕೇಳಿಕೊಂಡು ಬರತೀನಿ. ನೀ ಸೋಮವಾರ ಬಾ."

ಯಾರನ್ನು ಕೇಳುವುದು? ನಮ್ಮನ್ನು ಸೋಲಿಸಿದವರನ್ನೇ. ಮರುದಿನ ಭಾನುವಾರ. ವಿಜಾಪುರದಲ್ಲಿ ಬಸ್ಸು ಬದಲಿಸಿ ತಿಕೋಟಾಕ್ಕೆ ಹೋಗಿ, ಅಲ್ಲಿಯ ಪಿ.ಟಿ. ಮಾಸ್ತರರ ಮನೆಯ ಬಾಗಿಲು ತಟ್ಟಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಚಹಾ ಕುಡಿಸಿ ಮೈದಾನಕ್ಕೆ ಕರೆದೊಯ್ದರು. ನನ್ನನ್ನೇ ಗೋಲಿನಲ್ಲಿ ನಿಲ್ಲಿಸಿ ಬಾಲ್ ಹೊಡೆದರು.

"ಮೊದಲ ಕಾಲ ಹೋಗಬೇಕ್ರಿ, ಕೈ ಆಮ್ಯಾಲ. ಒಬ್ಬಾಂವ ಬಾಲ್ ತಗೊಂಡು ಎದುರಿಗೆ ಬಂದ್ರ ಗೆರಿ ಮ್ಯಾಲ ನಿಂದರಬ್ಯಾಡ್ರಿ. ಮುಂದ ಬರ್ರಿ. ಅವಗ ಗೋಲ್ ಸಣ್ಣದ ಕಾಣಬೇಕು."

ಆ ದಿನ ಉಳುಕಿದ ನನ್ನ ಕಿರುಬೆರಳು ಇಂದಿಗೂ ಸೊಟ್ಟಗೇ ಇದೆ.

ಸೋಮವಾರ ಮೈಬೂಬ ಬಂದ. ತಿಕೋಟಾದಲ್ಲಿ ಕಲಿತದ್ದನ್ನೆಲ್ಲ ಅವನಿಗೆ ಗೋಲಿನಲ್ಲಿ ನಿಂತು ತೋರಿಸಿದೆ. ಸಂಜೆ ಹುಡುಗರಿಗೆಲ್ಲ ಒಂದು ಕಾನೂನು ಮಾಡಿದೆ. ಗೋಲಿಯನ್ನು ನೋಡಿ ನಕ್ಕವರು ತಾವೇ ಗೋಲಿನಲ್ಲಿ ನಿಂತು ಹತ್ತು ಬಾಲ್ ತಡೆಯಬೇಕು. ಮೊದಲ ಸರದಿ ನನ್ನದೇ, ಯಾಕೆಂದರೆ ಮೊದಲ ತಪ್ಪೂ ನನ್ನದೇ. ಹುಡುಗರು ಭೂಗೋಳದ ಮಾರ್ಕ್ಸಿನ ಸೇಡನ್ನೆಲ್ಲ ಆವತ್ತು ತೀರಿಸಿಕೊಂಡರು. ಹತ್ತರಲ್ಲಿ ಒಂಬತ್ತು ಒಳಗೆ ಹೋದವು. ಹತ್ತನೆಯದು ನನ್ನ ಹೊಟ್ಟೆಗೆ ಬಡಿದು ತಾನಾಗಿಯೇ ನಿಂತಿತು. ಮೈಬೂಬ ನಕ್ಕ. ಈ ಸಲ ಅದು ನಗುವೇ.

ಆಮೇಲೆ ನನ್ನ ಕೂಗೂ ಬದಲಾಯಿತು. "ಯಾಕ ಬಿಟ್ಟಿ?" ಎನ್ನುವ ಜಾಗದಲ್ಲಿ "ಕಾಲ ಚೊಲೊ ಹೋತು, ಇನ್ನೊಂದು ಹೆಜ್ಜಿ ಬಾ" ಎಂದು ಹೇಳಲು ಕಲಿತೆ. ಸುಲಭವಿರಲಿಲ್ಲ. ಬೈಯುವುದಕ್ಕೆ ಆಟ ನೋಡಬೇಕಿಲ್ಲ, ಹೊಗಳುವುದಕ್ಕೆ ಕಣ್ಣಿಟ್ಟು ನೋಡಬೇಕು.

ಮೂರು ತಿಂಗಳ ಮೇಲೆ ಮತ್ತೆ ತಿಕೋಟಾ ಟೀಮಿನ ಜೊತೆ ಆಡಿದೆವು. ಸೋತೆವು. ಒಂದೇ ಗೋಲಿನಿಂದ. ಆದರೆ ಕೊನೆಯಲ್ಲಿ ಅವರ ಹುಡುಗನೊಬ್ಬ ಒಬ್ಬನೇ ಬಾಲ್ ತಂದಾಗ ಮೈಬೂಬ ಗೆರೆ ಬಿಟ್ಟು ಮುಂದೆ ಬಂದ, ಬಾಲಿನ ಮೇಲೆ ಬಿದ್ದ, ಎದೆಗೆ ಅವುಚಿಕೊಂಡ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತಿಕೋಟಾದ ಮಾಸ್ತರರು. ಹತ್ತಿರ ಬಂದು, "ನಿಮಗ ಕಲಿಸಿ ನಾ ಕೆಟ್ಟೆ ನೋಡ್ರಿ" ಎಂದರು.

ಆ ವರ್ಷ ಮೈಬೂಬ ಮ್ಯಾಟ್ರಿಕ್ ಪಾಸಾದ. ರಾಜೇಸಾಬರು ಬಸ್ಸು ಹಿಡಿದು ಬಂದು ಸ್ಟಾಫ್‌ರೂಮಿನಲ್ಲಿದ್ದ ಎಲ್ಲರಿಗೂ ಪೇಢೆ ಹಂಚಿದರು. ನನ್ನ ಕೈಗೆ ಎರಡು ಇಟ್ಟರು.

ಮುಂದೆ ಎಷ್ಟೋ ವರ್ಷ ಕ್ಲಾಸಿನಲ್ಲಿ ಯಾರಿಗಾದರೂ "ನಿನಗ ಬರೂದಿಲ್ಲ" ಎನ್ನಲು ಬಾಯಿ ತೆರೆದಾಗಲೆಲ್ಲ ನನ್ನನ್ನೇ ಒಂದು ಮಾತು ಕೇಳಿಕೊಳ್ಳುತ್ತಿದ್ದೆ. ಈಗ ನಿಮ್ಮನ್ನೂ ಕೇಳುತ್ತೇನೆ: ಅವನಿಗೆ ಅದನ್ನು ಕಲಿಸಿದ್ದು ಯಾವಾಗ?