ಅನುಮಾನದ ಖಾದರ್ ಮೇಷ್ಟ್ರು

ಯಾವ ಮಗುವಿನ ಮೇಲೆ ದೂರು ಹೇಳಿದರೂ ಖಾದರ್ ಮೇಷ್ಟ್ರು ಆ ಮಗುವಿನ ಕಡೆ ತಿರುಗುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ದೂರು ಹೇಳಿದವರನ್ನೇ ನೋಡುತ್ತಿದ್ದರು. ಪೊಲೀಸ್ ಸ್ಟೇಷನ್ನಿನಲ್ಲಿ ನಿಂತ ಹಾಗಾಗುತ್ತಿತ್ತು ಟೀಚರುಗಳಾದ ನಮಗೆ. ಆಮೇಲೆ ಒಂದೇ ಪ್ರಶ್ನೆ: "ಯಾವ್ದು ಮೊದ್ಲು?" ಪಾಠ ಬಾರದ್ದು ಮೊದಲೋ, ತುಂಟತನ ಮೊದಲೋ? ಪೆಟ್ಟು ಮೊದಲೋ, ಸುಳ್ಳು ಮೊದಲೋ? ಉತ್ತರ ಹೇಳಲು ಬಾರದಿದ್ದರೆ ನಮ್ಮ ದೂರು ಅಲ್ಲಿಗೇ ಮುಗಿಯಿತು.

ಇದು ಎರಡು ಸಾವಿರದ ಆರು-ಏಳರ ಸುಮಾರಿನ ಮಾತು. ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆಂದು ಶಾಲೆಯಿಂದ ಶಾಲೆಗೆ ತಿರುಗುವ ಸಂಪನ್ಮೂಲ ಶಿಕ್ಷಕರು ಆಗ ನಮ್ಮ ಕಡೆಗೆ ಹೊಸದಾಗಿ ಬಂದಿದ್ದರು. ಖಾದರ್ ಮೇಷ್ಟ್ರ ಮನೆ ನರಸಿಂಹರಾಜಪುರದಲ್ಲಿ. ಕೊಪ್ಪದ ನಮ್ಮ ಪ್ರೌಢಶಾಲೆಗೆ ಮಂಗಳವಾರದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ನಾನು ಅಲ್ಲಿ ಕನ್ನಡ ಟೀಚರ್. ಸುಳ್ಳೇಕೆ ಹೇಳಲಿ, ಅವರ ಮೇಲೆ ನಮಗೂ ಗುಮಾನಿಯಿತ್ತು. ನಮ್ಮ ಹುಳುಕು ಹುಡುಕಿ ಮೇಲಿನವರಿಗೆ ಚಾಡಿ ಬರೆಯಲು ಬಂದ ಮನುಷ್ಯನೆಂದು, ಅವರು ಒಳಗೆ ಕಾಲಿಟ್ಟೊಡನೆ ಸ್ಟಾಫ್ ರೂಮಿನ ಮಾತು ನಿಲ್ಲಿಸುತ್ತಿದ್ದೆವು.

ಮೊದಲ ತಿಂಗಳಲ್ಲೇ ಹೆಡ್‌ಮಾಸ್ಟರು 'ಬುದ್ಧಿ ಸಾಲದವರು' ಎಂದು ಮೂರು ಮಕ್ಕಳ ಪಟ್ಟಿ ಕೊಟ್ಟರು. ಮೇಷ್ಟ್ರು ಎರಡು ಮಂಗಳವಾರ ಆ ಮಕ್ಕಳ ಜೊತೆ ಕೊನೆಯ ಬೆಂಚಿನಲ್ಲೇ ಕೂತರು. ನಾನು ಪಾಠ ಮಾಡುವಾಗಲೂ ಕೂತರು, ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಪಟ್ಟಿ ಹಿಂದಕ್ಕೆ ಕೊಟ್ಟು, "ಇಬ್ರು ಎಸ್ಟೇಟ್ ಕೂಲಿ ಲೈನಿನ ಮಕ್ಳು, ಮನೇಲಿ ತಮಿಳು. ಇನ್ನೊಬ್ಬನಿಗೆ ಬುದ್ಧಿ ಕಡಿಮೆ ಎಂತದೂ ಇಲ್ಲ ಮಾರಾಯ್ರೆ, ನಿಮ್ಮ ಬೋರ್ಡಿಗೆ ಬಣ್ಣ ಕಡಿಮೆ," ಎಂದರು. ಮುಂದಿನ ವಾರ ಬೋರ್ಡಿಗೆ ಕಪ್ಪು ಬಳಿಸಿದೆವು, ಗೊಣಗುತ್ತಲೇ.

ಆ ವರ್ಷ ಹತ್ತನೇ ತರಗತಿಯಲ್ಲಿ ಸುಮಿತ್ರಾ ಎಂಬ ಹುಡುಗಿಯಿದ್ದಳು. ಶೃಂಗೇರಿ ಆಚೆಯ ಕೆರೆಕಟ್ಟೆಯವಳು, ಹಾಸ್ಟೆಲಿನಲ್ಲಿದ್ದಳು. ದಸರಾ ರಜೆ ಕಳೆದ ಮೇಲೆ ಒಂದು ದಿನ ಹಾಸ್ಟೆಲಿನ ವಾರ್ಡನ್ ಅವಳ ಟ್ರಂಕಿನಿಂದ ಹನ್ನೊಂದು ಖಾಲಿ ವೈಟ್ನರ್ ಬಾಟಲಿ ತಂದು ಟೇಬಲ್ಲಿನ ಮೇಲಿಟ್ಟರು. ಹುಡುಗಿ ಕರ್ಚೀಫಿಗೆ ಹಾಕಿಕೊಂಡು ಮೂಸುತ್ತಿದ್ದಳಂತೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಾಗಿ ತೂಕಡಿಸುತ್ತಿದ್ದವಳನ್ನು ನಾನೇ ಎಷ್ಟು ಸಲ ಎಬ್ಬಿಸಿ ನಿಲ್ಲಿಸಿದ್ದೆ! ಯಾರು ತಂದುಕೊಟ್ಟರು, ಇನ್ನೂ ಯಾರ್ಯಾರಿದ್ದಾರೆ ಎಂದು ಎಲ್ಲರ ಬ್ಯಾಗು ಜಾಲಾಡಿದೆವು. ಟಿ.ಸಿ. ಕೊಟ್ಟು ಕಳಿಸುವುದೆಂದು ಹೆಡ್‌ಮಾಸ್ಟರು ಹೇಳಿದಾಗ ನಾನೂ ತಲೆಯಾಡಿಸಿದೆ.

ಮಂಗಳವಾರ ಖಾದರ್ ಮೇಷ್ಟ್ರು ಬಂದರು. "ಯಾವ್ದು ಮೊದ್ಲು? ಈ ವಾಸನೆ ಮೊದ್ಲಾ, ಓದು ಬಾರದ್ದು ಮೊದ್ಲಾ?" ಎಂದು ಕೇಳಿ, ಸುಮಿತ್ರಾಳನ್ನು ಕರೆಸಿ ಅವಳ ಕನ್ನಡ ನೋಟ್ಸ್ ತರಿಸಿದರು. ಪುಟಗಳು ಬಿಳಿ ಮೆತ್ತಿ ಮೆತ್ತಿ ರೊಟ್ಟಿಯ ಹಾಗೆ ದಪ್ಪವಾಗಿದ್ದವು. ಮೇಷ್ಟ್ರು ಒಂದು ಕಡೆ ಉಗುರಿನಿಂದ ಕೆರೆದರು. ಒಳಗೆ 'ಪ್ರಾರ್ಥನೆ' ಎಂಬ ಒಂದೇ ಪದ, ಮೂರು ಪದರದಲ್ಲಿ, ಮೂರು ಬಗೆಯ ತಪ್ಪು. ಒತ್ತು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇಲ್ಲವೇ ಇಲ್ಲ.

"ಇಷ್ಟೆಲ್ಲ ಯಾಕೆ ಹಚ್ಚಿದ್ದು ಮಗಾ?"

"ಬುಕ್ಕಲ್ಲಿ ಚಿತ್ತು ಇರ್ಬಾರ್ದು ಅಂತ ಟೀಚರ್ ಅಂದಿದ್ರು ಸರ್. ಚಿತ್ತಿದ್ರೆ ಪೂರ್ತಿ ಪುಟ ಮತ್ತೆ ಬರೀಬೇಕು. ಹಚ್ತಾ ಹಚ್ತಾ ಆ ವಾಸನೆ..." ಎಂದು ಹುಡುಗಿ ಅಳತೊಡಗಿದಳು.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಚಿತ್ತಿಲ್ಲದ ನೋಟ್ಸ್ ನನ್ನ ತರಗತಿಯ ಹೆಮ್ಮೆಯಾಗಿತ್ತು.

ಮೇಷ್ಟ್ರು ಅವಳನ್ನು ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದರು. "ಚಟ ಬಿಡ್ಸೋದು ಅವ್ರ ಕೆಲ್ಸ, ಅಕ್ಷರದ್ದು ನಮ್ಮ ಕೆಲ್ಸ," ಎಂದರು. ವಿಶೇಷ ಅಗತ್ಯದ ವಿದ್ಯಾರ್ಥಿನಿ ಎಂದು ಒಪ್ಪಿಗೆ ಸಿಕ್ಕರೆ ಅವಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತಿತ್ತು, ಶಾಲೆಯಲ್ಲೂ ಉಳಿಯುತ್ತಿದ್ದಳು. ಸಿಗದಿದ್ದರೆ ಟಿ.ಸಿ. ಆದರೆ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ, ಚಟದವರಿಗೆಲ್ಲ ಈ ಸವಲತ್ತು ಕೊಟ್ಟರೆ ನಾಳೆ ಗುಟ್ಕಾ ತಿನ್ನುವವರೂ ಬರುತ್ತಾರೆ ಎಂದರಂತೆ. ಮೇಷ್ಟ್ರು ಕೆರೆಕಟ್ಟೆಯ ತನಕ ಹೋಗಿ ಅವಳ ಮೂರನೇ ತರಗತಿಯ ಪ್ರಗತಿ ಪತ್ರ ಹುಡುಕಿ ತಂದರು. ಓದಲು ಬಾರದು, ಅಕ್ಷರ ಅದಲುಬದಲು ಎಂದು ಅದರಲ್ಲೇ ಬರೆದಿತ್ತು. ಇನ್ನು ಬೇಕಾಗಿದ್ದದ್ದು ತರಗತಿ ಶಿಕ್ಷಕಿಯ ಹೇಳಿಕೆ. ಅದು ನಾನು.

"ವೈಟ್ನರ್ ಅವಳ ಕೈಗೆ ಹ್ಯಾಗೆ ಬಂತು ಅಂತ ಒಂದು ಸಾಲು ಬರೀರಿ ಟೀಚರೇ. ನಾ ಬರೆದ್ರೆ ನಂಬೂದಿಲ್ಲ, ನೀವು ಬರೆದ್ರೆ ನಂಬ್ತಾರೆ."

ನನ್ನ ಕೈಯಿಂದಲೇ ನನ್ನ ತಪ್ಪು ಬರೆಸಿಕೊಳ್ಳುವ ಉಪಾಯ ಇದು, ನಾಳೆ ನನಗೇ ನೋಟಿಸ್ ಬರುತ್ತದೆ ಎಂದು ನನ್ನ ಹಾಳು ತಲೆ ಲೆಕ್ಕ ಹಾಕಿತು. 'ವಿದ್ಯಾರ್ಥಿನಿಯು ಬರವಣಿಗೆಯಲ್ಲಿ ಹಿಂದುಳಿದಿರುತ್ತಾಳೆ' ಎಂದಷ್ಟೇ ಬರೆದು, ಮಡಚಿ ಕೊಟ್ಟೆ.

ಅರ್ಜಿ ತಿರುಗಿ ಬಂತು. ಹಿನ್ನಡೆಗೆ ದುಶ್ಚಟವೇ ಕಾರಣ, ಅರ್ಹಳಲ್ಲ. ಅದೇ ವಾರ ಸುಮಿತ್ರಾಳ ಅಪ್ಪ ಬಂದು ಟಿ.ಸಿ.ಗೆ ಹೆಬ್ಬೆಟ್ಟೊತ್ತಿ, ಟ್ರಂಕು ಹೆಗಲಿಗೇರಿಸಿಕೊಂಡು ಮಗಳನ್ನು ಕರೆದುಕೊಂಡು ಹೋದರು. ನಾನು ಜಗಲಿಯಲ್ಲಿ ನಿಂತಿದ್ದೆ. ಅವಳು ನನಗೆ ನಮಸ್ಕಾರ ಹೇಳಿ ಹೋದಳು.

ಖಾದರ್ ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಬೇಸಿಗೆ ರಜೆಯಲ್ಲಿ, ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ. ಅವರನ್ನು ಶೃಂಗೇರಿ ಕಡೆಗೆ ಹಾಕಿದ್ದರು. ಆರು ತಿಂಗಳು ನನ್ನೊಳಗೆ ಕುದಿಯುತ್ತಿದ್ದುದು ಹೊರಗೆ ಬಂದೇಬಿಟ್ಟಿತು.

"ಆ ಸಾಲು ನಾನು ಬರೀಲಿಲ್ಲ ಸರ್. ನೀವು ಓದಿದ ಮೇಲೂ ಯಾಕೆ ಕೇಳ್ಲಿಲ್ಲ?"

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. "ಬರ್ದಿರ್ಲಿಲ್ವಾ?" ಎಂದರು. ಆಮೇಲೆ, "ನಾ ಓದ್ಲೇ ಇಲ್ಲ ಟೀಚರೇ. ನೀವು ಕೊಟ್ಟಿದ್ದಲ್ವಾ ಅಂತ ಹಾಗೇ ಅಂಟಿಸಿ ಕಳ್ಸಿದ್ದೆ."

ಊರೆಲ್ಲರನ್ನೂ ಅನುಮಾನಿಸುತ್ತಿದ್ದ ಮನುಷ್ಯ ನನ್ನನ್ನು ನಂಬಿದ್ದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ.

ಅವರು ಸಮಾಧಾನ ಹೇಳಲಿಲ್ಲ. ಸುಮಿತ್ರಾಳನ್ನು ಶೃಂಗೇರಿಯಿಂದ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿಸುತ್ತೇನೆ, ಮತ್ತೆ ಅರ್ಜಿ ಹಾಕುತ್ತೇನೆ ಎಂದು ಚೀಲದಿಂದ ಬಿಳಿ ಹಾಳೆ ತೆಗೆದುಕೊಟ್ಟರು. ಅವಳಿಗೆ ಹೆಚ್ಚು ಸಮಯ ಸಿಕ್ಕಿತೆಂದೂ ಅವಳು ಪಾಸಾದಳೆಂದೂ ಎರಡು ವರ್ಷದ ಮೇಲೆ ವಾರ್ಡನ್ ಬಾಯಿಂದ ಕೇಳಿದೆ. ಆವತ್ತು ಮಾತ್ರ, ತೊಡೆಯ ಮೇಲೆ ಹಾಳೆಯಿಟ್ಟುಕೊಂಡು, ಚಿತ್ತು ಮಾಡುತ್ತಲೇ ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟೆ. ಶೃಂಗೇರಿ ಬಸ್ಸು ಹಾರ್ನ್ ಹಾಕುತ್ತಿತ್ತು. ಖಾದರ್ ಮೇಷ್ಟ್ರು ಕಾಗದವನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ, ನನ್ನೆದುರೇ ಎರಡು ಸಲ ಓದಿದರು.